ಓದಿನ ಗುಂಪು ಮಾಡುವಾಗ ಗ್ರೇಡ್ ಬದಿಗಿಡಿ, ಮಗು ಎಲ್ಲಿ ತಡವರಿಸುತ್ತದೆ ನೋಡಿ

ಮೊದಲ ಟರ್ಮಿನ ಓಣಂ ಪರೀಕ್ಷೆ ಮುಗಿದು ಪೇಪರ್ ತಿದ್ದಿ ಆದ ಮೇಲೆ ಶಾಲೆಯ ಟೀಚರುಗಳೆಲ್ಲ ಸೇರುವ ಎಸ್‌ಆರ್‌ಜಿ ಮೀಟಿಂಗಿನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ಓದಲು ಬಾರದ ಮಕ್ಕಳನ್ನು ಗುಂಪು ಮಾಡಿ ಓದಿಸಿ ಅಂತ. ಒಳ್ಳೆಯ ಮಾತೇ. ಆದರೆ ಗುಂಪು ಮಾಡುವುದು ಯಾವ ಲೆಕ್ಕದಲ್ಲಿ? ಹೆಚ್ಚಿನ ಕಡೆ ಆಗುವುದು ಇಷ್ಟು: ಎ, ಬಿ ಗ್ರೇಡಿನವರು ಒಂದು ಕಡೆ, ಸಿ ಗ್ರೇಡಿನವರು ಇನ್ನೊಂದು ಕಡೆ, ಉಳಿದವರು ಟೀಚರ ಮೇಜಿನ ಪಕ್ಕ. ಎಲ್ಲರಿಗೂ ಅದೇ ಪಾಠ, ಸ್ವಲ್ಪ ನಿಧಾನಕ್ಕೆ. ಎರಡು ತಿಂಗಳು ಕಳೆದರೂ ಮೇಜಿನ ಪಕ್ಕದವರು ಮೇಜಿನ ಪಕ್ಕದಲ್ಲೇ ಇರುತ್ತಾರೆ.

ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮದ ಕ್ಲಾಸಿನಲ್ಲಿ ಇದು ಇನ್ನೂ ಕಷ್ಟ. ಯಾಕೆ ಅಂತ ನಿಮಗೇ ಗೊತ್ತು. ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಮಾತಾಡುವ ಮಗು, ಹವ್ಯಕ ಕನ್ನಡದ ಮಗು, ಮಲಯಾಳದ ಮಗು, ಬ್ಯಾರಿಯದ್ದು, ಕೊಂಕಣಿಯದ್ದು, ಮರಾಟಿಯದ್ದು. ಮೂರನೇ ಕ್ಲಾಸಿನಲ್ಲಿ ಸಿ ಗ್ರೇಡ್ ಬಂದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ಹುಡುಗನ ಮನೆಯಲ್ಲಿ ಕನ್ನಡವೇ ಮಾತು. ಕಥೆ ಹೇಳಿದರೆ ಬಾಯಿ ಬಿಟ್ಟು ಕೇಳುತ್ತಾನೆ, ಎದುರು ಪ್ರಶ್ನೆಯನ್ನೂ ಹಾಕುತ್ತಾನೆ. ಪುಸ್ತಕ ಕೊಟ್ಟರೆ ಮಾತ್ರ ಪ್ರತಿ ಒತ್ತಕ್ಷರದ ಹತ್ತಿರ ನಿಂತುಬಿಡುತ್ತಾನೆ. ಇನ್ನೊಬ್ಬಳ ಮನೆಯಲ್ಲಿ ಮಲಯಾಳ. ಪುಟ ಪೂರ್ತಿ ಗಡಗಡ ಓದಿ ಮುಗಿಸುತ್ತಾಳೆ, ಆಮೇಲೆ ‘ಏನಾಯ್ತು ಕಥೆಯಲ್ಲಿ?’ ಅಂತ ಕೇಳಿದರೆ ಸುಮ್ನೆ ನಗುತ್ತಾಳೆ. ಇಬ್ಬರದೂ ಒಂದೇ ಗ್ರೇಡ್. ಇಬ್ಬರನ್ನೂ ಒಂದೇ ಗುಂಪಿನಲ್ಲಿ ಕೂರಿಸಿ ಕಾಗುಣಿತ ಹೇಳಿಸಿದರೆ ಅವಳಿಗೆ ಬೇಜಾರು. ಪದಗಳ ಅರ್ಥ ಹೇಳುತ್ತಾ ಕೂತರೆ ಅವನಿಗೆ ಬೇಜಾರು.

ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲೇ ಇದನ್ನು ಸರಳವಾಗಿ ಹೇಳಿದ್ದಾರೆ: ಅಕ್ಷರ ಬಿಡಿಸಿ ಓದುವ ಶಕ್ತಿ ಒಂದು, ಆ ಭಾಷೆಯ ಮಾತು ಅರ್ಥವಾಗುವುದು ಇನ್ನೊಂದು, ಎರಡೂ ಸೇರಿದರೆ ಮಾತ್ರ ಓದು. ಅವರು ಕೂಡಿಸುವ ಲೆಕ್ಕ ಹಾಕಲಿಲ್ಲ, ಗುಣಿಸುವ ಲೆಕ್ಕ ಹಾಕಿದರು. ಅಂದರೆ ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ನಮ್ಮ ಗಡಿನಾಡಿನ ಕ್ಲಾಸಿಗೆ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಕಂಡಿಲ್ಲ. ಹಾಗಾಗಿ ಪ್ರತಿ ಮಗುವಿನ ಬಗ್ಗೆ ಎರಡು ಸಂಗತಿ ಬೇರೆ ಬೇರೆಯಾಗಿ ಗೊತ್ತಿರಬೇಕು. ಅಕ್ಷರ ಎಷ್ಟು ಬಂತು, ಮಾತು ಎಷ್ಟು ಬಂತು. ಈ ಕೆಳಗೆ ಹೇಳುವುದೆಲ್ಲ ಈ ಎರಡನ್ನು ತಿಳಿದುಕೊಂಡು ಗುಂಪು ಮಾಡುವ ಬಗೆ.

ಕೈಯಲ್ಲಿ ಈಗಾಗಲೇ ಇರುವ ಮಾಹಿತಿ

ಡಾಟಾ ಅಂದ ಕೂಡಲೇ ಹೊಸ ಫಾರ್ಮು, ಹೊಸ ಎಕ್ಸೆಲ್ ಶೀಟು ಅಂತ ಗಾಬರಿಯಾಗಬೇಡಿ. ನಾವು ತುಂಬಿಸುವ ಫಾರ್ಮು ಈಗಲೇ ಜಾಸ್ತಿ. ಮೊದಲು ಇರುವುದನ್ನು ನೋಡಿ.

ಹಾಜರಿ ಪುಸ್ತಕ ತೆರೆಯಿರಿ. ಜೂನ್, ಜುಲೈಯಲ್ಲಿ ಕಲೆಕ್ಟರ್ ಕೊಡುವ ಮಳೆ ರಜೆ ಎಲ್ಲರಿಗೂ ಒಂದೇ, ಅದನ್ನು ಬಿಡಿ. ಅದರ ಮೇಲೂ ವಾರಕ್ಕೆರಡು ದಿನ ತಪ್ಪಿಸುವ ಮಗು ಯಾರು? ಆ ಮಗುವಿನ ಸಮಸ್ಯೆ ಓದಿನದ್ದೋ, ಬರುವುದರದ್ದೋ ಅಂತ ಮೊದಲು ನೋಡಬೇಕು. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಅಂಕ ನೋಡಬೇಡಿ, ಬರವಣಿಗೆ ನೋಡಿ. ಬಿಟ್ಟ ದೀರ್ಘ, ಬಿಟ್ಟ ಒತ್ತು, ಪ್ರಶ್ನೆಯನ್ನೇ ತಿರುಗಿ ಬರೆದಿಟ್ಟ ಉತ್ತರ, ಇವೆಲ್ಲ ಏನನ್ನೋ ಹೇಳುತ್ತವೆ. ಕಳೆದ ವರ್ಷದ ಕ್ಲಾಸ್ ಟೀಚರ್ ಹತ್ತಿರ ಚಾ ಕುಡಿಯುತ್ತಾ ಹತ್ತು ನಿಮಿಷ ಮಾತಾಡಿ, ಅದು ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ.

ಮಾತೃಭಾಷೆಯ ವಿಷಯದಲ್ಲಿ ಮಾತ್ರ ದಾಖಲೆಯನ್ನು ನಂಬಬೇಡಿ. ಕನ್ನಡ ಮಾಧ್ಯಮಕ್ಕೆ ಸೇರಿಸುವಾಗ ‘ಕನ್ನಡ’ ಅಂತ ಬರೆಸಿದವರ ಮನೆಯಲ್ಲಿ ಅಪ್ಪ ತುಳು, ಅಮ್ಮ ಮಲಯಾಳ, ಅಜ್ಜಿ ಇನ್ನೊಂದು, ಟಿವಿ ಹಿಂದಿ ಇರಬಹುದು. ಮಗುವನ್ನೇ ಕೇಳಿ: ‘ಅಮ್ಮ ಬಯ್ಯುವುದು ಯಾವ ಭಾಷೆಯಲ್ಲಿ?’ ಉತ್ತರ ತಕ್ಷಣ ಬರುತ್ತದೆ, ಸರಿಯಾಗಿಯೂ ಇರುತ್ತದೆ.

ಒಬ್ಬೊಬ್ಬರನ್ನೇ ಕೂರಿಸಿ ಕೇಳುವುದು

ಇದೇ ಮುಖ್ಯ ಕೆಲಸ, ಇದಕ್ಕೆ ಅಡ್ಡದಾರಿ ಇಲ್ಲ. ಒಂದು ಮಗುವಿಗೆ ಐದರಿಂದ ಏಳು ನಿಮಿಷ. ದಿನಕ್ಕೆ ನಾಲ್ಕೈದು ಮಕ್ಕಳಂತೆ ಕೇಳಿದರೆ ಇಪ್ಪತ್ತು ಮಕ್ಕಳ ಕ್ಲಾಸು ಒಂದು ವಾರದಲ್ಲಿ ಮುಗಿಯುತ್ತದೆ. ಉಳಿದ ಮಕ್ಕಳಿಗೆ ಚಿತ್ರ ಬಿಡಿಸಲು ಕೊಡಿ, ನೋಡಿ ಬರೆಯಲು ಕೊಡಿ, ಏನಾದರೂ ಕೊಡಿ. ಆ ವಾರ ಅಷ್ಟು ಪಾಠ ಹಿಂದೆ ಬಿದ್ದರೆ ಬೀಳಲಿ. ಜಾಗ ಮಾತ್ರ ನೋಡಿ ಆರಿಸಿ. ಶೀಟಿನ ಮಾಡಿನ ಕೆಳಗೆ ಜೋರು ಮಳೆ ಬರುವಾಗ ಮಗು ಏನು ಓದಿತು ಅಂತ ಕೇಳಿಸುವುದೇ ಇಲ್ಲ. ಗೆಳೆಯರು ಕೇಳಿಸಿಕೊಳ್ಳುವಷ್ಟು ಹತ್ತಿರವೂ ಬೇಡ. ಲೈಬ್ರರಿ ಕಪಾಟಿನ ಮೂಲೆ ಅಥವಾ ವರಾಂಡದ ಕೊನೆ ಸಾಕು.

ಪಠ್ಯಪುಸ್ತಕದ ಪಾಠ ಓದಿಸಬೇಡಿ. ಅದು ಅರ್ಧ ಮಕ್ಕಳಿಗೆ ಬಾಯಿಪಾಠ ಬಂದಿರುತ್ತದೆ, ಪುಸ್ತಕ ತಲೆಕೆಳಗೆ ಹಿಡಿದರೂ ಓದುತ್ತಾರೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಇದೆ. ಅದರಲ್ಲಿ ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ಚಿಕ್ಕ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಕಥೆ ಇರುತ್ತದೆ. ಮೊದಲು ಪ್ಯಾರಾ ಕೊಡಬೇಕು. ಸರಾಗವಾಗಿ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಕಥೆಗೆ ಹೋಗುವುದು, ಇಲ್ಲದಿದ್ದರೆ ಪದಕ್ಕೆ ಇಳಿಯುವುದು. ಐದು ಪದದಲ್ಲಿ ನಾಲ್ಕು ಸರಿ ಬರದಿದ್ದರೆ ಅಕ್ಷರಕ್ಕೆ. ಒರಟು ವಿಂಗಡಣೆಗೆ ಇದು ಚೆನ್ನಾಗಿದೆ. ಆದರೆ ಅದು ಸಮೀಕ್ಷೆಗಾಗಿ ಮಾಡಿದ್ದು. ‘ಈ ಮಗು ಪದದ ಹಂತದಲ್ಲಿದೆ’ ಅಂತ ತಿಳಿದ ಮೇಲೆ ನಾಳೆ ಬೆಳಿಗ್ಗೆ ಏನು ಕಲಿಸಬೇಕು ಅನ್ನುವುದನ್ನು ಅದು ಹೇಳುವುದಿಲ್ಲ.

ಅದಕ್ಕೆ ನಮ್ಮದೇ ಒಂದು ಪ್ಯಾರಾ ಬೇಕು. ಮಕ್ಕಳಿಗೆ ಗೊತ್ತಿರುವ ವಿಷಯ ಇರಲಿ, ಒತ್ತಕ್ಷರಗಳು ಬೇಕೆಂದೇ ಸೇರಿಸಿದ್ದಿರಲಿ. ಮೂರನೇ, ನಾಲ್ಕನೇ ಕ್ಲಾಸಿಗೆ ಆಗುವಂಥದ್ದು ಒಂದು ಇಲ್ಲಿದೆ, ಬೇಕಾದರೆ ಹಾಗೇ ಎತ್ತಿಕೊಳ್ಳಿ:

“ಅನಂತಪುರದ ಕೆರೆಯಲ್ಲಿ ಒಂದು ಮೊಸಳೆ ಇತ್ತು. ಅದರ ಹೆಸರು ಬಬಿಯಾ. ಅದು ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಪೂಜೆಯ ಬಳಿಕ ಅರ್ಚಕರು ಅದಕ್ಕೆ ಅನ್ನ ಹಾಕುತ್ತಿದ್ದರು. ಒಂದು ದಿನ ಬಬಿಯಾ ಸತ್ತಿತು. ನೋಡಲು ತುಂಬಾ ಜನ ಬಂದರು. ಮರು ವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಎಲ್ಲರಿಗೂ ಆಶ್ಚರ್ಯ ಆಯಿತು.”

ಮೂವತ್ತಾರು ಪದ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಸತ್ತದ್ದು 2022ರ ಅಕ್ಟೋಬರಿನಲ್ಲಿ, ಇನ್ನೊಂದು ಮೊಸಳೆ ಕಂಡದ್ದು 2023ರಲ್ಲಿ. ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ, ಹಾಗಾಗಿ ಓದಲು ಉತ್ಸಾಹ. ಇದನ್ನು ದೊಡ್ಡ ಅಕ್ಷರದಲ್ಲಿ ಮಗುವಿಗೆ ಒಂದು, ಸಾಲುಗಳ ನಡುವೆ ಜಾಗ ಬಿಟ್ಟು ನಿಮಗೊಂದು ಅಂತ ಪ್ರಿಂಟ್ ತೆಗೆಯಿರಿ.

ಮಗು ಓದುತ್ತಿದ್ದಂತೆ ನಿಮ್ಮ ಪ್ರತಿಯಲ್ಲಿ ಗುರುತು ಹಾಕುತ್ತಾ ಹೋಗಿ. ಸರಿ ಓದಿದ್ದಕ್ಕೆ ಏನೂ ಬೇಡ. ತಪ್ಪಾದರೆ ಆ ಪದದ ಮೇಲೆ ಮಗು ಏನು ಹೇಳಿತೋ ಅದನ್ನೇ ಬರೆಯಿರಿ. ಬಿಟ್ಟರೆ ಒಂದು ಗೆರೆ. ತಾನೇ ತಿದ್ದಿಕೊಂಡರೆ ಪಕ್ಕದಲ್ಲಿ ‘ತಿ’. ತುಂಬಾ ಹೊತ್ತು ನಿಂತರೆ ಒಂದು ಚುಕ್ಕೆ, ಐದಾರು ಎಣಿಸಿದ ಮೇಲೆ ನೀವೇ ಹೇಳಿಕೊಡಿ. ಮಧ್ಯದಲ್ಲಿ ತಿದ್ದಬೇಡಿ, ‘ಹ್ಞಾಂ?’ ಅನ್ನಬೇಡಿ, ಹುಬ್ಬು ಏರಿಸಬೇಡಿ. ಇದು ಹೇಳುವಷ್ಟು ಸುಲಭ ಇಲ್ಲ, ಟೀಚರ್ ಆದವರಿಗೆ ತಪ್ಪು ಕೇಳಿ ಸುಮ್ಮನಿರುವುದೇ ದೊಡ್ಡ ಕಷ್ಟ. ಇಂಥ ದಾಖಲೆಯನ್ನು ಬಳಕೆಗೆ ತಂದವರು ನ್ಯೂಜಿಲ್ಯಾಂಡಿನ ಮೇರಿ ಕ್ಲೇ. ಆ ಪದ್ಧತಿಯಲ್ಲಿ ನೂರಕ್ಕೆ 95 ಅಥವಾ ಹೆಚ್ಚು ಪದ ಸರಿಯಾದರೆ ಮಗು ಅದನ್ನು ತಾನೇ ಓದಬಲ್ಲದು, 90ರಿಂದ 94 ಆದರೆ ಟೀಚರ ಜೊತೆ ಓದಲು ಸರಿ, ಅದಕ್ಕಿಂತ ಕಡಿಮೆಯಾದರೆ ಆ ಬರಹ ಈಗ ಕಷ್ಟ. ನಮ್ಮ ಮೂವತ್ತಾರು ಪದದ ಪ್ಯಾರಾದಲ್ಲಿ ಒಂದು ತಪ್ಪಾದರೆ ಮೊದಲ ಸಾಲಿಗೆ, ಎರಡು ಮೂರಾದರೆ ನಡುವಿಗೆ, ನಾಲ್ಕು ಅಥವಾ ಹೆಚ್ಚಾದರೆ ಕಷ್ಟಕ್ಕೆ ಬರುತ್ತದೆ. ಇಂಗ್ಲಿಷಿಗಾಗಿ ಹುಟ್ಟಿದ ಲೆಕ್ಕ, ಅಂದಾಜಿಗೆ ಇಟ್ಟುಕೊಳ್ಳಿ ಸಾಕು.

ತಪ್ಪುಗಳ ಸಂಖ್ಯೆಗಿಂತ ತಪ್ಪುಗಳ ಜಾತಿ ಮುಖ್ಯ. ಒಬ್ಬ ಹುಡುಗ ಹೀಗೆ ಓದಿದ ಅಂತಿಟ್ಟುಕೊಳ್ಳಿ: ‘ಅರ್ಚಕರು’ ಬದಲು ‘ಅಚರ್ಕರು’, ‘ವರ್ಷ’ ಬದಲು ‘ವಷರ’, ‘ಆಶ್ಚರ್ಯ’ ಬಂದಾಗ ‘ಆಶ್... ಆಶಯ’ ಅಂದು ನಿಂತ. ಆದರೆ ‘ಇತ್ತು’, ‘ಅನ್ನ’, ‘ಅದಕ್ಕೆ’ ಎಲ್ಲ ಸರಿ. ಮೂರು ತಪ್ಪಿಗೂ ಒಂದೇ ಬೇರು. ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ‘ರ್’ ಬರಹದಲ್ಲಿ ಆಮೇಲೆ ಕಾಣುತ್ತದೆ, ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದ್ದಾನೆ. ಅವನಿಗೆ ಕಾಗುಣಿತ ಮೊದಲಿನಿಂದ ಹೇಳಿಸುವ ಅಗತ್ಯವೇ ಇಲ್ಲ, ನಾಲ್ಕು ದಿನ ಸೂರ್ಯ, ಕಾರ್ಯ, ಮಾರ್ಗ, ದರ್ಶನ, ಹರ್ಷ ಅಂತ ಕೆಲಸ ಮಾಡಿದರೆ ದಾಟುತ್ತಾನೆ. ಇನ್ನೊಬ್ಬಳು ‘ಇತು’, ‘ಅನ’, ‘ಅದಕೆ’, ‘ಸತಿತು’ ಅಂತ ಓದಿದಳು ಅಂದರೆ ಅವಳು ಕೆಳಗಿನ ಒತ್ತನ್ನು ನೋಡುತ್ತಲೇ ಇಲ್ಲ. ಅದು ಬೇರೆ ಕಥೆ, ಬೇರೆ ಗುಂಪು. ಕನ್ನಡದ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸುತ್ತದೆ: ನಾವು ಒಂದೆರಡು ವರ್ಷದಲ್ಲಿ ಮುಗಿಯಿತು ಅಂದುಕೊಳ್ಳುವ ಅಕ್ಷರ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ. ಆದ್ದರಿಂದ ‘ನಾಲ್ಕನೆಗೆ ಬಂದರೂ ಒತ್ತಕ್ಷರ ಬರುವುದಿಲ್ಲ’ ಅಂತ ಹೌಹಾರುವ ಅಗತ್ಯ ಇಲ್ಲ, ಕಲಿಸಿದರಾಯಿತು.

ಇಲ್ಲಿ ಒಂದು ಎಚ್ಚರ. ಉಚ್ಚಾರಣೆಯನ್ನು ತಪ್ಪು ಅಂತ ಎಣಿಸಬೇಡಿ. ತುಳು, ಮಲಯಾಳ ಮನೆಯ ಮಕ್ಕಳು ‘ಹೆಸರು’ ಅನ್ನುವಾಗ ಕೊನೆಯ ಉಕಾರ ಅರ್ಧವೇ ಕೇಳಿಸುತ್ತದೆ, ಅದು ಅವರ ಮನೆಮಾತಿನ ಸ್ವರ. ‘ಭ’ ಓದಿ ‘ಬ’ ಅಂದರೆ ಅಕ್ಷರ ಗುರುತಾಗಿಲ್ಲ ಅಂತ ಅರ್ಥ ಅಲ್ಲ. ಅನುಮಾನ ಬಂದರೆ ‘ಭ’ ಮತ್ತು ‘ಬ’ ಎರಡನ್ನೂ ಚೀಟಿಯಲ್ಲಿ ಬರೆದು ಯಾವುದು ಯಾವುದು ಅಂತ ಕೇಳಿ. ಇನ್ನು ‘ಹಾಕುತ್ತಿದ್ದರು’ ಅಂತ ಇರುವಲ್ಲಿ ‘ಹಾಕ್ತಿದ್ರು’ ಅಂತ ಓದಿದ ಮಗುವಿಗೆ ನಾನಂತೂ ತಪ್ಪು ಹಾಕುವುದಿಲ್ಲ. ಅರ್ಥವಾಗದೆ ಆ ಬದಲಾವಣೆ ಮಾಡಲು ಸಾಧ್ಯವೇ ಇಲ್ಲ.

ಅರ್ಥವನ್ನು ಮನೆಮಾತಿನಲ್ಲೇ ಕೇಳಿ

ಓದಿ ಆದ ಮೇಲೆ ಹಾಳೆ ಮಗುಚಿಟ್ಟು ಕೇಳಿ: ‘ಏನಾಯ್ತು, ಹೇಳು ನೋಡುವ.’ ಮಗು ಯಾವ ಭಾಷೆಯಲ್ಲಿ ಹೇಳಿದರೂ ಸರಿ ಅಂತ ಮೊದಲೇ ಹೇಳಿಬಿಡಿ. ನಿಮಗೆ ತುಳುವೋ ಮಲಯಾಳವೋ ಬಂದರೆ ನೀವೇ ಆ ಭಾಷೆಯಲ್ಲಿ ಕೇಳಿ. ಬ್ಯಾರಿ ಬಾರದಿದ್ದರೆ ದೊಡ್ಡ ಕ್ಲಾಸಿನ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಮುದಲ ಚತ್ತು, ಪಿನ್ನೆ ವೇರೆ ಒರು ಮುದಲ ವನ್ನು’ (ಮೊಸಳೆ ಸತ್ತಿತು, ಆಮೇಲೆ ಬೇರೆ ಒಂದು ಮೊಸಳೆ ಬಂತು) ಅಂತ ಮಲಯಾಳದಲ್ಲಿ ಹೇಳಿದ ಮಗುವಿಗೆ ಪ್ಯಾರಾ ಪೂರ್ತಿ ಅರ್ಥವಾಗಿದೆ, ಕನ್ನಡದಲ್ಲಿ ಹೇಳಲು ಇನ್ನೂ ಬಾಯಿ ತಿರುಗುವುದಿಲ್ಲ ಅಷ್ಟೇ. ಕನ್ನಡದಲ್ಲೇ ಹೇಳು ಅಂತ ಹಟ ಹಿಡಿದರೆ ಆ ಮಗು ಸುಮ್ಮನಿರುತ್ತದೆ, ನೀವು ‘ಅರ್ಥವಾಗಿಲ್ಲ’ ಅಂತ ಬರೆದುಕೊಳ್ಳುತ್ತೀರಿ. ಆ ಒಂದು ಗುರುತಿನಿಂದ ಮಗು ಮೂರು ವಾರ ತಪ್ಪು ಗುಂಪಿನಲ್ಲಿ ಕೂರುತ್ತದೆ.

ಆಮೇಲೆ ಒಂದೆರಡು ಪದದ ಅರ್ಥ ಕೇಳಿ. ಇಲ್ಲಿ ತಮಾಷೆ ಕಾಣುತ್ತದೆ. ನಮಗೆ ಕಠಿಣ ಅನ್ನಿಸುವ ‘ಆಶ್ಚರ್ಯ’, ‘ಪೂಜೆ’, ‘ವರ್ಷ’ ಮಲಯಾಳದ ಮಗುವಿಗೆ ನೀರು ಕುಡಿದಷ್ಟು ಸುಲಭ, ಯಾಕೆಂದರೆ ಅದೇ ಸಂಸ್ಕೃತ ಪದ ಅಲ್ಲೂ ಇದೆ. ಸುಲಭ ಅಂದುಕೊಂಡ ‘ಬಳಿಕ’, ‘ಮರು ವರ್ಷ’ದಲ್ಲಿ ಸಿಕ್ಕಿಬೀಳುತ್ತದೆ. ಸುಲಭ ಪದ, ಕಷ್ಟ ಪದ ಅಂತ ಬೆಂಗಳೂರಿನ ಮಕ್ಕಳನ್ನು ನೋಡಿ ಮಾಡಿದ ಪಟ್ಟಿ ಇಲ್ಲಿ ತಲೆಕೆಳಗಾಗುವುದು ಹೀಗೆ.

ವೇಗವನ್ನೂ ನೋಡಬೇಕಾ? ನೋಡಿ, ಆದರೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. 2021ರಲ್ಲಿ ಶುರುವಾದ ಕೇಂದ್ರ ಸರಕಾರದ ನಿಪುಣ್ ಭಾರತ್ ಯೋಜನೆ ಮೂರನೇ ಕ್ಲಾಸಿನ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಸಹಿತ ಓದಬೇಕು ಅನ್ನುತ್ತದೆ. ಕನ್ನಡದಲ್ಲಿ ‘ಕೊಡುತ್ತಿರಲಿಲ್ಲ’ ಒಂದೇ ಪದ. ಅದನ್ನು ‘ಮರ’, ‘ಜನ’ದ ಜೊತೆ ಒಂದೇ ಲೆಕ್ಕದಲ್ಲಿ ಹಿಡಿದರೆ ಏನು ಸಿಕ್ಕಿತು? ಅದೇ ಮಗು ಅದೇ ಪ್ಯಾರಾವನ್ನು ಜುಲೈಯಲ್ಲಿ ಎಷ್ಟು ಹೊತ್ತು ಓದಿತು, ಸೆಪ್ಟೆಂಬರಿನಲ್ಲಿ ಎಷ್ಟು ಹೊತ್ತು ಅಂತ ಹೋಲಿಸಿ. ಅವಳನ್ನು ಪಕ್ಕದವಳ ಜೊತೆ ಹೋಲಿಸಬೇಡಿ. ಮೊಬೈಲನ್ನು ಮಗುವಿನ ಕಣ್ಣಿಗೆ ಬೀಳದ ಹಾಗೆ ಇಡಿ, ಸ್ಟಾಪ್‌ವಾಚ್ ಕಂಡರೆ ಕೆಲವರು ಓಡುವ ಸ್ಪರ್ಧೆ ಅಂತಲೇ ತಿಳಿಯುತ್ತಾರೆ.

ಒಂದೇ ಹಾಳೆ, ಮತ್ತೆ ಚೀಟಿ

ಎಲ್ಲರನ್ನೂ ಕೇಳಿ ಆದ ಮೇಲೆ ಒಂದು ಹಾಳೆಯಲ್ಲಿ ಹೆಸರು, ಮನೆಮಾತು, ಯಾವ ತಪ್ಪು ಜಾಸ್ತಿ, ಅರ್ಥ ಎಷ್ಟು, ಹಾಜರಿ ಹೇಗೆ ಇಷ್ಟು ಬರೆಯಿರಿ. ‘ಯಾವ ತಪ್ಪು ಜಾಸ್ತಿ’ ಅನ್ನುವ ಕಡೆ ಅಂಕೆ ಬೇಡ, ಮಾತಿನಲ್ಲಿ ಬರೆಯಿರಿ: ‘ದೀರ್ಘ ಬಿಡುತ್ತಾಳೆ’, ‘ಅರ್ಕಾವತ್ತು’, ‘ಮೊದಲ ಅಕ್ಷರ ನೋಡಿ ಊಹಿಸುತ್ತಾನೆ’. ಎಕ್ಸೆಲ್ ಬರುವವರು ಅದರಲ್ಲೇ ಮಾಡಿ, ನನಗೆ ಪೆನ್ಸಿಲ್ ಸಾಕು.

ಆಮೇಲೆ ಪ್ರತಿ ಮಗುವಿನ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿ. ಒಂದೇ ರೀತಿ ಎಡವುವವರನ್ನು ಹತ್ತಿರ ಹತ್ತಿರ ಇಡುತ್ತಾ ಹೋಗಿ. ಮೊದಲೇ ‘ನಾಲ್ಕು ಗುಂಪು’ ಅಂತ ತೀರ್ಮಾನಿಸಿ ಅದಕ್ಕೆ ಮಕ್ಕಳನ್ನು ತುಂಬಿಸಬೇಡಿ, ಚೀಟಿಗಳೇ ಗುಂಪು ತೋರಿಸುತ್ತವೆ. ಸಾಮಾನ್ಯವಾಗಿ ಕಾಣುವುದು ಹೀಗೆ. ಅಕ್ಷರ, ಕಾಗುಣಿತದಲ್ಲೇ ಇನ್ನೂ ಅನುಮಾನ ಇರುವವರು ಕೆಲವರು. ಅಕ್ಷರ ಬಂದು ಒತ್ತಕ್ಷರದಲ್ಲಿ ನಿಲ್ಲುವವರು, ಇವರೇ ಜಾಸ್ತಿ. ಸರಾಗ ಓದಿ ಅರ್ಥವಾಗದವರು. ಎರಡೂ ಬಂದು, ಇನ್ನು ಪುಸ್ತಕ ಕೊಟ್ಟರೆ ಸಾಕು ಅನ್ನುವವರು. ಗುಂಪಿಗೆ ನಾಲ್ಕೈದು ಮಕ್ಕಳು ಸರಿ. ಆರಾದರೆ ಒಬ್ಬ ಓದುವಾಗ ಐವರು ಕಾಯುತ್ತಾರೆ, ಆಮೇಲೆ ಕಾಲಲ್ಲಿ ಒದೆಯಾಟ ಶುರು. ಅಕ್ಷರದ ಗುಂಪಂತೂ ಮೂರು ಮಕ್ಕಳಾದರೆ ಒಳ್ಳೆಯದು.

ಎಲ್ಲಿಗೂ ಹೊಂದದ ಒಂದೆರಡು ಚೀಟಿ ಉಳಿದೇ ಉಳಿಯುತ್ತದೆ. ಅಕ್ಷರವೂ ಇಲ್ಲ, ಮಾತೂ ಇಲ್ಲ ಅನ್ನುವ ಮಗು, ಉದಾಹರಣೆಗೆ ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರ ಮಗು, ಈಗಷ್ಟೇ ಸೇರಿದ್ದು. ಅಂಥವರನ್ನು ಅಕ್ಷರದ ಗುಂಪಿಗೆ ತಳ್ಳಿ ಕೈತೊಳೆದುಕೊಳ್ಳಬೇಡಿ. ಮೊದಲು ಮಾತು ಬೇಕು. ಕಥೆ ಕೇಳಲು ಅರ್ಥದ ಗುಂಪಿನಲ್ಲಿ ಕೂರಲಿ, ಅಕ್ಷರಕ್ಕೆ ಬೇರೆ ಹತ್ತು ನಿಮಿಷ ಕೊಡಿ.

ಗುಂಪಿಗೆ ಹೆಸರು ಇಡುವ ವಿಷಯದಲ್ಲಿ ನಮ್ಮ ಜಾಣತನ ನಡೆಯುವುದಿಲ್ಲ. ಗುಲಾಬಿ, ಮಲ್ಲಿಗೆ, ನವಿಲು, ಗಿಳಿ ಏನಿಟ್ಟರೂ ಯಾವುದು ದಡ್ಡರ ಗುಂಪು ಅಂತ ಮಕ್ಕಳಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಅದರ ಬದಲು ಕೆಲಸದ ಹೆಸರೇ ಇಡಿ, ‘ಇವತ್ತು ಒತ್ತಕ್ಷರದವರು ಬನ್ನಿ’ ಅಂತ. ಚೆನ್ನಾಗಿ ಓದುವವನೂ ಒಂದು ವಾರ ಅರ್ಕಾವತ್ತಿಗಾಗಿ ಆ ಗುಂಪಿಗೆ ಬಂದು ಹೋದರೆ ಮರ್ಯಾದೆಯ ಪ್ರಶ್ನೆ ತಾನಾಗಿ ಕರಗುತ್ತದೆ.

ಸಮಯ ಎಲ್ಲಿದೆ?

ಇದೇ ನಿಜವಾದ ತಲೆನೋವು. ಎರಡು ಕ್ಲಾಸು ಒಟ್ಟಿಗೆ ನೋಡಿಕೊಳ್ಳುವ ಮಾಷ್ಟ್ರುಗಳಿಗಂತೂ ಇನ್ನೂ ಕಷ್ಟ. ನನ್ನ ಅಭಿಪ್ರಾಯ: ದಿನಾ ಎಲ್ಲ ಗುಂಪನ್ನೂ ನೋಡಲು ಹೋಗಬೇಡಿ. ದಿನಕ್ಕೆ ಎರಡು ಗುಂಪು, ಒಂದಕ್ಕೆ ಹದಿನೈದು ನಿಮಿಷ. ಅಕ್ಷರದ ಗುಂಪು ವಾರಕ್ಕೆ ನಾಲ್ಕು ಸಲ, ಒತ್ತಕ್ಷರದವರು ಮೂರು ಸಲ, ಅರ್ಥದವರು ಎರಡು ಸಲ, ಸ್ವತಂತ್ರ ಓದುವವರು ಒಂದು ಸಲ ಬಂದರೆ ಸಾಕು. ಎಲ್ಲರಿಗೂ ಸಮನಾಗಿ ಹಂಚಿದರೆ ನ್ಯಾಯ ಅಂತ ಕಾಣುತ್ತದೆ, ಆದರೆ ಓದಲು ಬರುವ ಮಗುವಿಗೆ ಬೇಕಾದ್ದು ನಿಮ್ಮ ಹದಿನೈದು ನಿಮಿಷ ಅಲ್ಲ, ಕಪಾಟಿನ ಕೀಲಿಕೈ.

ಬೆಳಿಗ್ಗೆ ಹತ್ತರ ನಂತರದ ಮೊದಲ ಅವಧಿ ಒಳ್ಳೆಯದು. ಮಧ್ಯಾಹ್ನದ ಊಟ ಆದ ಕೂಡಲೇ ಬೇಡ. ಅರಬಿ ಪೀರಿಯಡಿನಲ್ಲಿ ಕೆಲವು ಮಕ್ಕಳು ಆಚೆ ಹೋಗುತ್ತಾರೆ, ಉಳಿದವರು ಕಡಿಮೆ, ಗುಂಪಿಗೆ ಹೇಳಿ ಮಾಡಿಸಿದ ಸಮಯ ಅಂತ ಅನ್ನಿಸುತ್ತದೆ. ಅಲ್ಲಿ ಒಂದು ಕೊಕ್ಕೆ ಇದೆ. ದಿನಾ ಅದೇ ಅವಧಿಯಲ್ಲಿ ಮಾಡಿದರೆ ಅರಬಿಗೆ ಹೋಗುವ ಮಕ್ಕಳಿಗೆ ಯಾವತ್ತೂ ಗುಂಪು ಸಿಗುವುದಿಲ್ಲ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಇರುವುದೂ ಅವರಲ್ಲೇ ಜಾಸ್ತಿ. ಆ ಅವಧಿಯನ್ನು ಒಬ್ಬೊಬ್ಬರನ್ನು ಕೇಳಿಸಿಕೊಳ್ಳಲು ಇಟ್ಟುಕೊಳ್ಳಿ, ಗುಂಪಿಗೆ ಬೇಡ. ನೇಮ, ಕೋಲ, ಉರೂಸ್ ನಡೆಯುವ ತಿಂಗಳಲ್ಲಿ ರಾತ್ರಿಯೆಲ್ಲ ಎದ್ದಿದ್ದ ಮಕ್ಕಳನ್ನು ಮರುದಿನ ಓದಿಸಿ ಬರೆದುಕೊಂಡ ಗುರುತಿಗೆ ಬೆಲೆ ಇಲ್ಲ, ಅದನ್ನೂ ನೆನಪಿಡಿ.

ನೀವು ಒಂದು ಗುಂಪಿನ ಜೊತೆ ಇರುವಾಗ ಉಳಿದವರು ಮಾಡುವ ಕೆಲಸ ನಿಮ್ಮನ್ನು ಕೇಳದೆ ಮಾಡುವಂಥದ್ದಾಗಿರಬೇಕು. ಜೋಡಿಯಾಗಿ ಓದುವುದು, ಚೀಟಿಯ ಪದ ಜೋಡಿಸುವುದು, ಓದಿದ್ದಕ್ಕೆ ಚಿತ್ರ ಬಿಡಿಸುವುದು. ಮೊದಲ ಒಂದು ವಾರ ಗುಂಪು ತೆಗೆದುಕೊಳ್ಳದೆ ಇದನ್ನೇ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ‘ಟೀಚರೇ, ಪೆನ್ಸಿಲ್ ಮುರಿಯಿತು’ ಅಂತ ಎರಡು ನಿಮಿಷಕ್ಕೊಮ್ಮೆ ಒಬ್ಬರು ಬರುತ್ತಾರೆ. ಮುರಿಯದ ಪೆನ್ಸಿಲ್ ಒಂದು ಡಬ್ಬಿ ತುಂಬಾ ಮಧ್ಯದಲ್ಲಿಡಿ.

ಗುಂಪಿನಲ್ಲಿ ಏನು ಮಾಡುವುದು

ಒತ್ತಕ್ಷರದ ಗುಂಪಿಗೆ ಸಜಾತೀಯದಿಂದ ಶುರು ಮಾಡಿ: ಅಮ್ಮ, ಅಕ್ಕ, ಬೆಲ್ಲ, ಹತ್ತು. ‘ಬಳಿ’ ಮತ್ತು ‘ಬಳ್ಳಿ’, ‘ಹತು’ ಮತ್ತು ‘ಹತ್ತು’ ಅಕ್ಕಪಕ್ಕ ಬರೆದು ಕೇಳಿಸಿ, ನಿಲ್ಲುವ ಜಾಗದಲ್ಲಿ ಚಪ್ಪಾಳೆ ತಟ್ಟಿಸಿ. ಕಿವಿಗೆ ಎರಡು ಬೇರೆ ಅಂತ ತಿಳಿಯದಿದ್ದರೆ ಕಣ್ಣು ಕೆಳಗಿನ ಒತ್ತನ್ನು ಹುಡುಕುವುದಿಲ್ಲ. ಆಮೇಲೆ ವಿಜಾತೀಯ: ಪುಸ್ತಕ, ರಸ್ತೆ, ಚಕ್ರ. ಅರ್ಕಾವತ್ತು ಕೊನೆಗೆ. ಪ್ರತಿ ಸಲವೂ ಐದು ನಿಮಿಷ ಪದ, ಹತ್ತು ನಿಮಿಷ ಆ ಪದಗಳೇ ಇರುವ ನಾಲ್ಕೈದು ಸಾಲಿನ ಓದು. ಪದದಲ್ಲೇ ಹದಿನೈದು ನಿಮಿಷ ಕಳೆದರೆ ಮಗು ಪದ ಓದುವುದನ್ನು ಮಾತ್ರ ಕಲಿಯುತ್ತದೆ. ಸಾಲುಗಳನ್ನು ನೀವೇ ಬರೆಯಿರಿ, ಅಡಿಕೆ ಸುಲಿಯುವುದು, ಮಳೆಗೆ ತುಂಬಿದ ತೋಡು, ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು), ಯಾವುದಾದರೂ. ದೊಡ್ಡ ಸಾಹಿತ್ಯ ಆಗಬೇಕಿಲ್ಲ.

ಅರ್ಥದ ಗುಂಪಿಗೆ ಓದಿಸುವ ಮೊದಲು ಮಾತು. ಕಥೆಯಲ್ಲಿ ಬರುವ ಮೂರು ಪದ ಆರಿಸಿ. ‘ಬಳಿಕ’ ಅಂದರೆ ಮಲಯಾಳದಲ್ಲಿ ಏನು, ತುಳುವಿನಲ್ಲಿ ಏನು ಅಂತ ಮಕ್ಕಳ ಬಾಯಲ್ಲೇ ಹೇಳಿಸಿ, ಆಮೇಲೆ ಅದೇ ಪದ ಹಾಕಿ ಅವರದೇ ದಿನದ ಬಗ್ಗೆ ಒಂದೊಂದು ವಾಕ್ಯ: ‘ಊಟದ ಬಳಿಕ ನಾನು...’ ಓದುವಾಗ ಎರಡು ಸಾಲಿಗೊಮ್ಮೆ ನಿಲ್ಲಿಸಿ ಮುಂದೇನು ಅಂತ ಕೇಳಿ. ಈ ಗುಂಪಿನಲ್ಲಿ ಗಟ್ಟಿಯಾಗಿ ಓದಿಸುವುದು ಕಡಿಮೆ ಇರಲಿ, ಗಟ್ಟಿ ಓದು ಅವರಿಗೆ ಈಗಲೇ ಬರುತ್ತದೆ, ಅದನ್ನೇ ಮೆಚ್ಚಿ ಮೆಚ್ಚಿ ಅವರನ್ನು ಅಲ್ಲೇ ನಿಲ್ಲಿಸಿದವರು ನಾವೇ ದೊಡ್ಡವರು.

ಅಕ್ಷರದ ಗುಂಪಿನ ಬಗ್ಗೆ ಹೇಳಲು ಹೊಸದೇನಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಐವತ್ತು ಅಕ್ಷರ ಮುಗಿಯುವವರೆಗೆ ಪದಕ್ಕೆ ಕಾಯಬೇಡಿ, ಐದಾರು ಅಕ್ಷರ ಬಂದ ಕೂಡಲೇ ಪದ ಮಾಡಿಸಿ, ಅಷ್ಟೇ.

ಬದಲಾಯಿಸುತ್ತಾ ಇರಿ

ಮೂರು ನಾಲ್ಕು ವಾರಕ್ಕೊಮ್ಮೆ ಹೊಸ ಪ್ಯಾರಾ ಕೊಟ್ಟು ಮತ್ತೆ ಕೇಳಿ. ಎಲ್ಲರನ್ನೂ ಮತ್ತೆ ಕೇಳುವುದು ಆಗದಿದ್ದರೆ ಅನುಮಾನ ಇರುವವರನ್ನು ಕೇಳಿ. ಚೀಟಿ ಮತ್ತೆ ಮೇಜಿಗೆ ಬರಲಿ. ಒಂದು ಮಗುವೂ ಗುಂಪು ಬದಲಿಸಲಿಲ್ಲ ಅಂದರೆ ಮಕ್ಕಳನ್ನು ದೂರುವ ಮೊದಲು ಗುಂಪಿನಲ್ಲಿ ನಡೆದ ಕೆಲಸವನ್ನು ನೋಡಬೇಕು. ಗುಂಪಿನ ಉಳಿದವರೆಲ್ಲ ದಾಟಿ ಒಂದೇ ಮಗು ಎರಡು ಮೂರು ಸುತ್ತು ಅಲ್ಲೇ ನಿಂತರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಸ್ಪೆಷಲ್ ಟೀಚರ ಹತ್ತಿರ ನಿಮ್ಮ ಗುರುತಿನ ಹಾಳೆಗಳನ್ನು ತೋರಿಸಿ. ‘ಓದುವುದೇ ಇಲ್ಲ’ ಅಂತ ಬಾಯಲ್ಲಿ ಹೇಳುವುದಕ್ಕೂ, ಮೂರು ತಿಂಗಳ ಮೂರು ಹಾಳೆ ಮುಂದಿಡುವುದಕ್ಕೂ ಬಹಳ ವ್ಯತ್ಯಾಸ. ನೀವೇ ರೋಗದ ಹೆಸರು ಇಡಬೇಡಿ.

ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ, ಸಂಜೆಯೊಳಗೆ ಅಮ್ಮಂದಿರ ನಡುವೆ ಹೋಲಿಕೆ ಶುರುವಾಗುತ್ತದೆ. ಸಿಪಿಟಿಎ (ಕ್ಲಾಸಿನ ಹೆತ್ತವರ ಸಭೆ) ದಿನ ಒಬ್ಬೊಬ್ಬರ ಹತ್ತಿರ ಅವರ ಮಗುವಿನ ಹಾಳೆ ಮಾತ್ರ ತೆರೆದು ತೋರಿಸಿ, ಕನ್ನಡ ಓದಲು ಬಾರದ ಅಮ್ಮನಿಗೂ ‘ದಿನಾ ಹತ್ತು ನಿಮಿಷ ಮಗು ಓದಿದ್ದನ್ನು ನಿಮ್ಮ ಭಾಷೆಯಲ್ಲಿ ಹೇಳಲು ಕೇಳಿ’ ಅನ್ನಿ. ಅದಕ್ಕೆ ಅಮ್ಮನಿಗೆ ಕನ್ನಡ ಬೇಕಾಗಿಲ್ಲ.

ಮಾರ್ಚಿನಲ್ಲಿ ಈ ಹಾಳೆಗಳನ್ನು ರದ್ದಿಗೆ ಹಾಕದೆ, ಜೂನ್‌ನ ಮೊದಲನೆಯದನ್ನೂ ಫೆಬ್ರವರಿಯ ಕೊನೆಯದನ್ನೂ ಒಟ್ಟಿಗೆ ಪಿನ್ ಮಾಡಿ ಮುಂದಿನ ಕ್ಲಾಸಿನ ಟೀಚರಿಗೆ ಕೊಡಿ. ನಾಲ್ಕನೇ ಕ್ಲಾಸು ಮುಗಿಸಿ ಬೇರೆ ಶಾಲೆಯ ಐದನೆಗೆ ಹೋಗುವ ಮಕ್ಕಳದ್ದನ್ನು ಟಿಸಿಯ ಜೊತೆ ಕಳಿಸಿದರೆ ಬೇಡ ಅನ್ನುವ ಯುಪಿ (ಹಿರಿಯ ಪ್ರಾಥಮಿಕ) ಮಾಷ್ಟ್ರು ಯಾರೂ ಇರಲಿಕ್ಕಿಲ್ಲ.